ಶಸ್ತ್ರ ವೈದ್ಯರದು, ಶುಶ್ರೂಷೆ ಮನೆಯವರದು

ಇಷ್ಟಲಿಂಗವನ್ನು ಎಡಗೈಯ ಅಂಗೈಯಲ್ಲಿರಿಸಿಕೊಂಡು, ಅನಿಮಿಷವಾಗಿ ಅದರಲ್ಲಿ ನೋಟವನ್ನು ನಿಲ್ಲಿಸುವುದು ಲಿಂಗವಂತರ ನಿತ್ಯಪೂಜೆಯ ಜೀವಾಳ. ಕಣ್ಣು ಮುಚ್ಚಿ ಧ್ಯಾನಿಸುವ ಪದ್ಧತಿ ಅನೇಕ ಪಂಥಗಳಲ್ಲಿದೆ. ಕಣ್ಣು ತೆರೆದು ಧ್ಯಾನಿಸುವುದು ನಮ್ಮ ಪೂಜೆಯ ಕ್ರಮ. ಆದುದರಿಂದಲೇ ನಮ್ಮ ಮನೆಗಳ ಹಿರಿಯರು ತಮ್ಮ ಕಣ್ಣು ಮಂಜಾಯಿತೆಂದು ಹೇಳುವ ರೀತಿಯೂ ಬೇರೆ. ಪತ್ರಿಕೆಯ ಅಕ್ಷರ ಕಾಣದಿದ್ದರೆ ಸುಮ್ಮನಿರುತ್ತಾರೆ, ಬಸ್ಸಿನ ಹೆಸರು ಕಾಣದಿದ್ದರೆ ಪಕ್ಕದವರನ್ನು ಕೇಳುತ್ತಾರೆ. ಕರಸ್ಥಲದ ಲಿಂಗವೇ ಮಸುಕಾದಾಗ ಮಾತ್ರ ಬಾಯಿಬಿಟ್ಟು ನೊಂದುಕೊಳ್ಳುತ್ತಾರೆ. ಆ ವೇಳೆಗೆ ಪೊರೆ ಬಹಳ ಬಲಿತಿರುತ್ತದೆ.

ಇಂದು ಕಣ್ಣಿನ ಶಸ್ತ್ರಚಿಕಿತ್ಸೆಗೆ ಅಂಜುವ ಕಾರಣವಿಲ್ಲ. ಚಿಕಿತ್ಸೆ ಸುಲಭವಾಗಿದೆ, ಊರಿಗೆ ಸಮೀಪವಾಗಿದೆ. ಆದರೆ ಒಂದು ಮಾತನ್ನು ನಾವು ಇನ್ನೂ ಚೆನ್ನಾಗಿ ಗ್ರಹಿಸಿಲ್ಲ. ವೈದ್ಯರ ಕೆಲಸ ಬಹುಪಾಲು ಅರ್ಧ ಗಂಟೆಯೊಳಗೆ ಮುಗಿಯುತ್ತದೆ. ಆ ಬಳಿಕ ನಾಲ್ಕರಿಂದ ಆರು ವಾರಗಳ ಕಾಲ ಆ ಕಣ್ಣು ಮನೆಯವರ ಕೈಯಲ್ಲಿರುತ್ತದೆ. ಬಂದ ಬೆಳಕು ಉಳಿಯುವುದೂ ನಂದುವುದೂ ಅನೇಕ ವೇಳೆ ಈ ದಿನಗಳ ಆರೈಕೆಯನ್ನು ಅವಲಂಬಿಸಿದೆ. ಆ ಆರೈಕೆಯ ಕ್ರಮವನ್ನೂ, ಆ ದಿನಗಳಲ್ಲಿ ನಮ್ಮ ಪೂಜಾವಿಧಿಗಳಲ್ಲಿ ಮಾಡಿಕೊಳ್ಳಬೇಕಾದ ಸಣ್ಣ ಮಾರ್ಪಾಡುಗಳನ್ನೂ ಈ ತಿಂಗಳ ಅಂಕಣದಲ್ಲಿ ನಿವೇದಿಸುತ್ತೇನೆ. ನಾನು ಮಠದ ವಿದ್ಯಾರ್ಥಿಯೇ ಹೊರತು ವೈದ್ಯನಲ್ಲ. ಇಲ್ಲಿರುವುದು ನೇತ್ರವೈದ್ಯರು ಎಲ್ಲರಿಗೂ ಹೇಳುವ ಸಾಮಾನ್ಯ ನಿಯಮ. ನಿಮ್ಮ ಕಣ್ಣಿಗೆ ಶಸ್ತ್ರಕ್ರಿಯೆ ಮಾಡಿದ ವೈದ್ಯರು ಬೇರೆ ಹೇಳಿದ್ದರೆ ಅವರ ಮಾತೇ ಪ್ರಮಾಣ. ವೈದ್ಯವೃತ್ತಿಯನ್ನೇ ಕಾಯಕವೆಂದು ನಡೆಸಿದ ವೈದ್ಯ ಸಂಗಣ್ಣನಂಥವರು ವಚನಕಾರರ ಸಾಲಿನಲ್ಲಿ ಇದ್ದಾರೆಂಬುದನ್ನು ನೆನೆದರೆ, ಈ ವಿಷಯ ಈ ಪತ್ರಿಕೆಗೆ ಹೊರತಲ್ಲವೆಂಬುದು ತಿಳಿಯುತ್ತದೆ.

ಅಂದಿನ ಭಯ, ಇಂದಿನ ಕ್ರಮ

ಕಣ್ಣಿನ ಪಾಪೆಯ ಹಿಂದೆ ಅವರೆಕಾಳಿನಷ್ಟಿರುವ ಒಂದು ಪಾರದರ್ಶಕ ಮಸೂರವಿದೆ. ವಯಸ್ಸಾದಂತೆ ಅದು ಮಬ್ಬಾಗುವುದನ್ನೇ ಪೊರೆ ಎನ್ನುತ್ತೇವೆ. ಹೆಸರು ಪೊರೆಯೆಂದಿದ್ದರೂ ಕಣ್ಣಿನ ಮೇಲೆ ಬೆಳೆದ ತೆರೆ ಅದಲ್ಲ. ಒಳಗಿನ ಮಸೂರವೇ ಮಾಸಿರುವುದು. ಆದುದರಿಂದ ಹನಿಮದ್ದಿನಿಂದಾಗಲಿ, ಅಂಜನದಿಂದಾಗಲಿ, ಸೊಪ್ಪಿನ ರಸದಿಂದಾಗಲಿ ಅದು ಕರಗುವುದಿಲ್ಲ. ಮಾಸಿದ ಮಸೂರವನ್ನು ತೆಗೆದು ಕೃತಕ ಮಸೂರವನ್ನು ಇಡುವುದೊಂದೇ ಮಾರ್ಗ.

ನಮ್ಮ ನಾಡಿನಲ್ಲಿ ಪೊರೆಯ ಶಸ್ತ್ರಚಿಕಿತ್ಸೆ ಎಂದೊಡನೆ ನೆನಪಾಗುವ ಹೆಸರು ಡಾ. ಎಂ. ಸಿ. ಮೋದಿಯವರದು. ಬೀಳಗಿಯ ಕಡೆಯ ಈ ಮಹನೀಯರು 1940ರ ದಶಕದಿಂದ ಹಳ್ಳಿಹಳ್ಳಿಗೆ ಶಿಬಿರಗಳನ್ನು ಒಯ್ದು, ಬಡವರಿಗೆ ಉಚಿತವಾಗಿ ಕಣ್ಣು ಕೊಟ್ಟರು. ಒಂದೇ ದಿನದಲ್ಲಿ 833 ಪೊರೆಯ ಶಸ್ತ್ರಕ್ರಿಯೆಗಳನ್ನು ಮಾಡಿದ ದಾಖಲೆ ಅವರದು. 1993ರ ವೇಳೆಗೆ ಅವರು ಮಾಡಿದ್ದ ಶಸ್ತ್ರಕ್ರಿಯೆಗಳ ಸಂಖ್ಯೆ 6 ಲಕ್ಷವನ್ನು ದಾಟಿತ್ತು. 2005ರಲ್ಲಿ ಅವರು ಲಿಂಗೈಕ್ಯರಾದರು. ಶಾಲೆಯ ಅಂಗಳಗಳಲ್ಲಿಯೂ ಧರ್ಮಛತ್ರಗಳಲ್ಲಿಯೂ ನಡೆದ ಅಂಥ ಶಿಬಿರಗಳ ನೆನಪು ನಮ್ಮ ಹಿರಿಯ ತಲೆಮಾರಿಗೆ ಇನ್ನೂ ಹಸಿರಾಗಿದೆ.

ಆ ಕಾಲದ ವಿಧಾನದಲ್ಲಿ ಇಡೀ ಮಸೂರವನ್ನು ಹೊರತೆಗೆಯಲು ದೊಡ್ಡ ಗಾಯವನ್ನೇ ಮಾಡಬೇಕಾಗುತ್ತಿತ್ತು. ಗಾಯ ಬಿಚ್ಚದಂತೆ ರೋಗಿ ಹಲವು ದಿನ ಅಲುಗಾಡದೆ ಅಂಗಾತ ಮಲಗಿರಬೇಕಿತ್ತು. ತಲೆಯ ಎರಡೂ ಕಡೆ ಮರಳಿನ ಚೀಲ ಇಡುವುದೂ ಇತ್ತು. ಆಮೇಲೆ ದಪ್ಪನೆಯ ಕನ್ನಡಕ ಬೀಳುತ್ತಿತ್ತು. ಕತ್ತಲ ಕೋಣೆ, ಮಾತನಾಡದಿರುವುದು, ಅಗಿಯುವ ಆಹಾರ ಬೇಡವೆನ್ನುವುದು ಮೊದಲಾದ ನಿಯಮಗಳು ನಮ್ಮ ಮನೆಗಳಲ್ಲಿ ಬೇರೂರಿದ್ದು ಆಗ.

ಇಂದಿನ ಕ್ರಮವೇ ಬೇರೆ. ಲಂಡನ್ನಿನ ಹೆರಾಲ್ಡ್ ರಿಡ್ಲೆ ಎಂಬ ವೈದ್ಯರು ಎರಡನೆಯ ಮಹಾಯುದ್ಧದ ವಿಮಾನಚಾಲಕರ ಕಣ್ಣುಗಳಲ್ಲಿ ವಿಮಾನದ ಗವಾಕ್ಷಿಯ ಪ್ಲಾಸ್ಟಿಕ್ ಚೂರುಗಳು ಯಾವ ಬಾಧೆಯನ್ನೂ ಮಾಡದೆ ಉಳಿದಿದ್ದುದನ್ನು ಗಮನಿಸಿ, 1949ರಲ್ಲಿ ಅದೇ ಬಗೆಯ ಪ್ಲಾಸ್ಟಿಕ್ಕಿನ ಮಸೂರವನ್ನು ಮನುಷ್ಯನ ಕಣ್ಣಿನಲ್ಲಿ ಇಟ್ಟರು. 1967ರಲ್ಲಿ ಅಮೆರಿಕದ ಚಾರ್ಲ್ಸ್ ಕೆಲ್ಮನ್ ಅವರು ಶ್ರವಣಾತೀತ ತರಂಗಗಳಿಂದ ಪೊರೆಯನ್ನು ಪುಡಿಮಾಡಿ ಹೀರಿ ತೆಗೆಯುವ ಫೇಕೋ ವಿಧಾನವನ್ನು ಪ್ರಾರಂಭಿಸಿದರು. ಇಂದು ಫೇಕೋದಲ್ಲಿ ಮಾಡುವ ಗಾಯ 3 ಮಿಲಿಮೀಟರಿಗಿಂತ ಕಡಿಮೆ. ಶಿಬಿರಗಳಲ್ಲಿ ಹೆಚ್ಚು ಬಳಕೆಯಲ್ಲಿರುವ ಸಣ್ಣ ಗಾಯದ ವಿಧಾನದಲ್ಲಿಯೂ ಅದು ಸುಮಾರು 6 ಮಿಲಿಮೀಟರಿನಷ್ಟು. ಎರಡರಲ್ಲಿಯೂ ಸಾಮಾನ್ಯವಾಗಿ ಹೊಲಿಗೆ ಇರುವುದಿಲ್ಲ. ಅಂದೇ ಸಂಜೆ ಅಥವಾ ಮರುದಿನ ರೋಗಿ ಮನೆಗೆ ಬರುತ್ತಾರೆ.

ಹೊಲಿಗೆಯಿಲ್ಲವೆಂಬುದರಲ್ಲಿಯೇ ಮುಖ್ಯ ಸೂಕ್ಷ್ಮವಿದೆ. ಗಾಯವನ್ನು ಓರೆಯಾಗಿ, ಕವಾಟದಂತೆ ಮಾಡಿರುತ್ತಾರೆ. ಕಣ್ಣಿನ ಒಳಗಿನ ಒತ್ತಡವೇ ಆ ಕವಾಟವನ್ನು ಮುಚ್ಚಿ ಹಿಡಿದಿರುತ್ತದೆ. ಹೊರಗಿನಿಂದ ಕಣ್ಣನ್ನು ಉಜ್ಜಿದರೆ, ಒತ್ತಿದರೆ ಕವಾಟ ಕ್ಷಣಕಾಲ ಸಡಿಲಿ, ರೆಪ್ಪೆಯ ಮೇಲಿನ ಕೊಳೆನೀರು ಒಳಸೇರುವ ಅಪಾಯವಿದೆ. ಹಾಗಾಗಿ ಕತ್ತಲ ಕೋಣೆ ಬೇಕಿಲ್ಲ, ಮಾತು ನಿಲ್ಲಿಸಬೇಕಿಲ್ಲ, ರೊಟ್ಟಿ ಬಿಡಬೇಕಿಲ್ಲ. ಕಣ್ಣನ್ನು ಮುಟ್ಟದಿರುವುದು, ಕೈ ತೊಳೆಯುವುದು, ಹನಿಮದ್ದನ್ನು ತಪ್ಪದೆ ಹಾಕುವುದು ಬೇಕು. ದುರ್ದೈವದಿಂದ ಅನೇಕ ಮನೆಗಳಲ್ಲಿ ಹಳೆಯ ಮೂರು ನಿಯಮಗಳನ್ನು ಶ್ರದ್ಧೆಯಿಂದ ಪಾಲಿಸಿ, ಹೊಸ ಮೂರನ್ನು ಕಡೆಗಣಿಸುತ್ತಾರೆ.

ಆಸ್ಪತ್ರೆಗೆ ಹೋಗುವ ಮುನ್ನ

ಸಕ್ಕರೆ ಕಾಯಿಲೆ, ರಕ್ತದೊತ್ತಡ, ಹೃದಯದ ತೊಂದರೆಗಳಿಗೆ ನುಂಗುತ್ತಿರುವ ಮಾತ್ರೆಗಳ ಚೀಟಿಯನ್ನು ಒಯ್ದು ವೈದ್ಯರಿಗೆ ತೋರಿಸಬೇಕು. ರಕ್ತವನ್ನು ತೆಳುಮಾಡುವ ಮಾತ್ರೆಯನ್ನು ತಾವಾಗಿಯೇ ನಿಲ್ಲಿಸಬಾರದು, ಕೇಳಿ ತಿಳಿಯಬೇಕು. ಹಿರಿಯ ಗಂಡಸರು ಮೂತ್ರದ ತೊಂದರೆಗೆ ಟ್ಯಾಮ್ಸುಲೋಸಿನ್ ಎಂಬ ಮಾತ್ರೆಯನ್ನು ಸೇವಿಸುತ್ತಿದ್ದರೆ ಅದನ್ನು ಅವಶ್ಯ ತಿಳಿಸಬೇಕು. ಅದು ಶಸ್ತ್ರಕ್ರಿಯೆಯ ಹೊತ್ತಿನಲ್ಲಿ ಪಾಪೆಯು ಸರಿಯಾಗಿ ಹಿಗ್ಗದಂತೆ ಮಾಡುತ್ತದೆ. ಮೊದಲೇ ಗೊತ್ತಿದ್ದರೆ ವೈದ್ಯರು ತಕ್ಕ ಸಿದ್ಧತೆ ಮಾಡಿಕೊಳ್ಳುತ್ತಾರೆ. ಹಲ್ಲಿನ ಹುಣ್ಣು, ಕಣ್ಣೀರಿನ ಚೀಲದ ಕೀವು, ರೆಪ್ಪೆಯ ಸೋಂಕು ಇದ್ದರೆ ಅವು ಮೊದಲು ವಾಸಿಯಾಗಬೇಕು.

ನಮ್ಮವರನ್ನು ಕಾಡುವ ಇನ್ನೊಂದು ಚಿಂತೆಯಿದೆ. ಶಸ್ತ್ರಕ್ರಿಯೆಯ ಕೋಣೆಗೆ ಹೋಗುವಾಗ ಆಭರಣಗಳೊಡನೆ ಇಷ್ಟಲಿಂಗವನ್ನೂ ತೆಗೆದಿಡಲು ಹೇಳಿಯಾರೆಂಬ ಅಂಜಿಕೆಯಿಂದಲೇ ಚಿಕಿತ್ಸೆಯನ್ನು ಮುಂದೂಡುವ ಹಿರಿಯರಿದ್ದಾರೆ. ಈ ಮಾತನ್ನು ಹಿಂದಿನ ದಿನವೇ ವೈದ್ಯರೊಡನೆ ಆಡಬೇಕು. ಬೆಳ್ಳಿಯ ಕರಡಿಗೆಯನ್ನು ಮನೆಯಲ್ಲಿಟ್ಟು, ಲಿಂಗವನ್ನು ಒಗೆದ ಶುಭ್ರವಸ್ತ್ರದಲ್ಲಿ ಸುತ್ತಿ ತೋಳಿಗೆ ಕಟ್ಟಿಕೊಳ್ಳಬಹುದೇ ಎಂದು ಕೇಳಬಹುದು. ಒಪ್ಪಿದರೆ ಸಂತೋಷ. ಒಪ್ಪದಿದ್ದರೆ ದೀಕ್ಷೆ ಪಡೆದ ಮನೆಯವರೊಬ್ಬರ ಕೈಯಲ್ಲಿ ಲಿಂಗವನ್ನಿತ್ತು ಒಳಗೆ ಹೋಗಲಿ. ಆ ಅರ್ಧ ಗಂಟೆ ಅಂಗದ ಮೇಲೆ ಇರದ ಲಿಂಗ ಪ್ರಾಣದಲ್ಲಿ ಇದ್ದೇ ಇರುತ್ತದೆ. ಪ್ರಾಣಲಿಂಗವೆಂಬ ಮಾತನ್ನು ನಮ್ಮ ಹಿರಿಯರು ಸುಮ್ಮನೆ ಹೇಳಿದವರಲ್ಲ.

ಹನಿಮದ್ದಿನ ವ್ರತ

ಶಸ್ತ್ರಚಿಕಿತ್ಸೆಯ ಬಳಿಕ ಸೋಂಕನ್ನು ತಡೆಯುವ ಹನಿ ಮತ್ತು ಉರಿಯೂತವನ್ನು ಇಳಿಸುವ ಸ್ಟೀರಾಯ್ಡ್ ಹನಿಯನ್ನು ಕೊಡುತ್ತಾರೆ. ಮೊದಲ ವಾರ ದಿನಕ್ಕೆ ಹಲವು ಬಾರಿ, ಆಮೇಲೆ ವಾರವಾರಕ್ಕೂ ಇಳಿಸುತ್ತ ನಾಲ್ಕರಿಂದ ಆರು ವಾರ ಹಾಕುವುದು ರೂಢಿ. ಕಣ್ಣು ಚೆನ್ನಾಗಿ ಕಾಣತೊಡಗಿತೆಂದು ನಡುವೆ ನಿಲ್ಲಿಸಬಾರದು. ಹೇಳಿದ ಅವಧಿ ಮೀರಿ ಮುಂದುವರಿಸಲೂ ಬಾರದು. ಸ್ಟೀರಾಯ್ಡ್ ಹನಿಯನ್ನು ವೈದ್ಯರ ಗಮನವಿಲ್ಲದೆ ಬಹುಕಾಲ ಹಾಕಿದರೆ ಕಣ್ಣಿನ ಒತ್ತಡ ಏರಿ ಗ್ಲಾಕೋಮಾ ಬರಬಹುದು. ಉಳಿದ ಬಾಟಲಿಯನ್ನು ಕಣ್ಣು ಕೆಂಪಾದ ಮೊಮ್ಮಗನಿಗೋ ನೆರೆಯವರಿಗೋ ಕೊಡುವುದು ಉಪಕಾರವೆನಿಸದು, ಅಪಾಯವೇ ಸರಿ.

ಹಾಕುವ ಕ್ರಮ ಹೀಗಿದೆ. ಮೊದಲು ಸಾಬೂನಿನಿಂದ ಕೈ ತೊಳೆದು ಒಗೆದ ಬಟ್ಟೆಯಲ್ಲಿ ಒರೆಸಿಕೊಳ್ಳಬೇಕು. ಸೀರೆಯ ಸೆರಗಿಗೂ ಪಂಚೆಯ ಅಂಚಿಗೂ ಒರೆಸಬಾರದು. ರೋಗಿಯನ್ನು ಮಲಗಿಸಿ ಅಥವಾ ತಲೆಯನ್ನು ಹಿಂದಕ್ಕೆ ವಾಲಿಸಿ ಕೂರಿಸಿ, ಮೇಲೆ ನೋಡಲು ಹೇಳಬೇಕು. ಕೆಳರೆಪ್ಪೆಯನ್ನು ಕೆನ್ನೆಯ ಎಲುಬಿನ ಕಡೆಗೆ ಮೆಲ್ಲನೆ ಎಳೆದರೆ ಒಂದು ಚಿಕ್ಕ ಚೀಲದಂತಾಗುತ್ತದೆ. ಬಾಟಲಿಯ ತುದಿ ರೆಪ್ಪೆಗಾಗಲಿ ಕೂದಲಿಗಾಗಲಿ ತಗಲದಂತೆ ಅದರೊಳಕ್ಕೆ ಒಂದೇ ಹನಿ ಬಿಡಬೇಕು. ಎರಡನೆಯ ಹನಿ ಹೊರಗೆ ಹರಿದುಹೋಗುವುದೇ ಹೊರತು ಉಪಯೋಗವಿಲ್ಲ. ಕಣ್ಣನ್ನು ಹಿಂಡದೆ ಮೆಲ್ಲನೆ ಮುಚ್ಚಿಕೊಂಡು ಒಂದೆರಡು ನಿಮಿಷ ಇರಬೇಕು. ಎರಡು ಬಗೆಯ ಹನಿಗಳಿದ್ದರೆ ನಡುವೆ ಐದು ನಿಮಿಷದ ಅಂತರವಿರಲಿ. ಇಲ್ಲವಾದರೆ ಎರಡನೆಯದು ಮೊದಲನೆಯದನ್ನು ತೊಳೆದುಬಿಡುತ್ತದೆ. ಬಾಟಲಿಯನ್ನು ತೆರೆದ ದಿನಾಂಕವನ್ನು ಅದರ ಮೇಲೆ ಬರೆದಿಟ್ಟು, ಸಾಮಾನ್ಯವಾಗಿ ಒಂದು ತಿಂಗಳಾದ ಮೇಲೆ ಎಸೆಯಬೇಕು.

ಬೆಳಿಗ್ಗೆ ರೆಪ್ಪೆಗಳಿಗೆ ಪಿಸುರು ಅಂಟಿರುತ್ತದೆ. ಹತ್ತಿಯನ್ನು ಕುದಿಸಿ ಆರಿಸಿದ ನೀರಿನಲ್ಲಿ ಅದ್ದಿ, ಹಿಂಡಿ, ಮೂಗಿನ ಕಡೆಯಿಂದ ಕಿವಿಯ ಕಡೆಗೆ ಒಂದೇ ಬಾರಿ ಒರೆಸಿ, ಆ ತುಂಡನ್ನು ಎಸೆದು ಮತ್ತೊಂದನ್ನು ತೆಗೆದುಕೊಳ್ಳಬೇಕು. ಕಣ್ಣಿನ ಗುಡ್ಡೆಯನ್ನು ಒತ್ತಬಾರದು. ರಾತ್ರಿ ಮಲಗುವಾಗ ವೈದ್ಯರು ಕೊಟ್ಟ ಪ್ಲಾಸ್ಟಿಕ್ ಕವಚವನ್ನು ಕಟ್ಟಬೇಕು. ನಿದ್ದೆಯಲ್ಲಿ ಕೈ ತಾನಾಗಿಯೇ ಕಣ್ಣಿಗೆ ಹೋಗುತ್ತದೆ. ಅದನ್ನು ತಡೆಯಲೆಂದೇ ಈ ಕವಚ. ಶಸ್ತ್ರಕ್ರಿಯೆಯಾದ ಬದಿಗೆ ಹೊರಳಿ ಮಲಗಬಾರದು.

ಸ್ನಾನವನ್ನು ಕೆಲವು ದಿನ ಕುತ್ತಿಗೆಯಿಂದ ಕೆಳಕ್ಕೆ ಮಾಡಲಿ. ವೈದ್ಯರು ಹೇಳುವವರೆಗೆ ತಲೆಗೆ ನೀರು ಬೇಡ. ತುಂಬಿದ ಕೊಡ, ಮೂಟೆ, ಮೊಮ್ಮಕ್ಕಳನ್ನು ಎತ್ತುವುದು ಬೇಡ. ಕೆಮ್ಮು ಮತ್ತು ಮಲಬದ್ಧತೆಗಳಿಗೆ ಉಪಚಾರ ಮಾಡಬೇಕು, ಮುಕ್ಕರಿಸುವುದು ಕಣ್ಣಿಗೆ ಒಳಿತಲ್ಲ. ಒಲೆಯ ಹೊಗೆ, ಒಕ್ಕಲು ಮಾಡುವ ಕಣದ ಹೊಟ್ಟು, ಜಾತ್ರೆಯ ಧೂಳಿನಿಂದ ದೂರವಿರಬೇಕು. ಹೊರಗೆ ಹೋಗುವಾಗ ಕಪ್ಪು ಕನ್ನಡಕವಿರಲಿ. ಊಟದಲ್ಲಿ ವಿಶೇಷ ಪಥ್ಯವಿಲ್ಲ. ಸಕ್ಕರೆ ಕಾಯಿಲೆಯವರು ತಮ್ಮ ಪಥ್ಯವನ್ನು ಬಿಡದಿದ್ದರೆ ಸಾಕು. ಟಿ.ವಿ. ನೋಡುವುದರಿಂದಾಗಲಿ ನಾಲ್ಕಕ್ಷರ ಓದುವುದರಿಂದಾಗಲಿ ಕಣ್ಣು ಕೆಡುವುದಿಲ್ಲ. ಕಾಡಿಗೆ, ಜೇನುತುಪ್ಪ, ಹರಳೆಣ್ಣೆ, ಎದೆಹಾಲು, ನಂದಿಬಟ್ಟಲು ಹೂವಿನ ರಸ ಇವುಗಳಲ್ಲಿ ಯಾವುದನ್ನೂ ಗಾಯವಾದ ಕಣ್ಣಿಗೆ ಸೋಕಿಸಬಾರದು. ಎಷ್ಟೇ ಪ್ರೀತಿಯಿಂದ ನೆಂಟರು ಸಲಹೆ ಕೊಟ್ಟರೂ ಈ ಒಂದು ವಿಷಯದಲ್ಲಿ ದಾಕ್ಷಿಣ್ಯ ಸಲ್ಲದು.

ಪೂಜೆಯಲ್ಲಿ ಮಾಡಿಕೊಳ್ಳಬೇಕಾದ ಮಾರ್ಪಾಡು

ಹಿರಿಯರು ವೈದ್ಯರ ಎಲ್ಲ ಮಾತಿಗೂ ತಲೆದೂಗುತ್ತಾರೆ. ಪೂಜೆಯ ವಿಷಯ ಬಂದಾಗ ಮಾತ್ರ ಹಳೆಯ ಕ್ರಮವನ್ನು ಬಿಡಲೊಲ್ಲರು. ವೈದ್ಯರಿಗೆ ನಮ್ಮ ಪೂಜಾಕ್ರಮ ತಿಳಿಯದು, ಆದ್ದರಿಂದ ಅವರು ಎಚ್ಚರಿಸುವುದೂ ಇಲ್ಲ. ಈ ಅಂತರವನ್ನು ಮನೆಯವರೇ ತುಂಬಬೇಕು.

ಮೊದಲನೆಯದು ವಿಭೂತಿ. ಹಣೆಯ ಮೇಲೆ ಮೂರೂ ಬೆರಳಿನಿಂದ ಧರಿಸಿದ ವಿಭೂತಿ ಒಣಗಿದ ಮೇಲೆ ಹುಡಿಯಾಗಿ ಹುಬ್ಬಿನ ಮೇಲೆ, ಅಲ್ಲಿಂದ ರೆಪ್ಪೆಯ ಮೇಲೆ ಉದುರುತ್ತದೆ. ಎರಡು ಮೂರು ವಾರ ಹಣೆಯನ್ನು ಬಿಟ್ಟು ಎದೆ ಮತ್ತು ತೋಳುಗಳಲ್ಲಿ ಧರಿಸಬಹುದು. ವಿಭೂತಿಗೆ ದೇಹದಲ್ಲಿ ಅನೇಕ ಸ್ಥಾನಗಳು ಹೇಳಿವೆಯಲ್ಲವೆ?

ಎರಡನೆಯದು ಪಾದೋದಕ. ಅದನ್ನು ಸೇವಿಸಿದ ಮೇಲೆ ಒದ್ದೆಯಾದ ಕೈಯನ್ನು ಕಣ್ಣಿಗೂ ನೆತ್ತಿಗೂ ಸವರಿಕೊಳ್ಳುವುದು ನಮ್ಮಲ್ಲಿ ಅನೇಕರ ಅಭ್ಯಾಸ. ಈ ದಿನಗಳಲ್ಲಿ ಅದು ಕೂಡದು. ನೀರು ನಮ್ಮ ಭಾವಕ್ಕೆ ಎಷ್ಟೇ ಪವಿತ್ರವಾದರೂ ಗಾಯದ ಪಾಲಿಗೆ ಅದು ನೀರೇ; ಅದರಲ್ಲಿ ಕಣ್ಣಿಗೆ ಕಾಣದ ಜೀವಾಣುಗಳಿರುತ್ತವೆ. ನಾಲಗೆಯಿಂದ ಸೇವಿಸಿ ಕೈಯನ್ನು ಒರೆಸಿಕೊಂಡರೆ ಸಾಕು. ಮಂಗಳಾರತಿಯ ಬಿಸಿಯನ್ನು ಕಣ್ಣಿಗೊತ್ತಿಕೊಳ್ಳುವುದು, ಲಿಂಗವನ್ನೋ ಪುಸ್ತಕವನ್ನೋ ಪ್ರಸಾದದ ಹೂವನ್ನೋ ಕಣ್ಣಿಗೆ ಮುಟ್ಟಿಸಿಕೊಳ್ಳುವುದು ಇವಕ್ಕೂ ಇದೇ ನಿಯಮ. ಅವುಗಳನ್ನು ಎದೆಗೆ ಒತ್ತಿಕೊಳ್ಳಲಿ.

ಮೂರನೆಯದು ಬಾಗುವುದು. ಗುರುಗಳಿಗೂ ಜಂಗಮರಿಗೂ ದೀರ್ಘದಂಡ ನಮಸ್ಕಾರ ಮಾಡುವ ಹಿರಿಯರು ಈ ದಿನಗಳಲ್ಲಿ ನಿಂತೇ ಕೈಮುಗಿದು ಶರಣೆನ್ನಲಿ. ಇದನ್ನು ಮೊದಲು ಹೇಳಬೇಕಾದವರು ಗುರುಗಳೇ. ಭಕ್ತರ ಕಣ್ಣಿಗೆ ಕಟ್ಟಿದ ಕವಚವನ್ನೋ ಕಪ್ಪು ಕನ್ನಡಕವನ್ನೋ ಕಂಡೊಡನೆ "ಬಾಗಬೇಡಿ" ಎಂದು ಅವರು ಒಂದು ಮಾತು ನುಡಿದರೆ ಮನೆಯವರ ಹತ್ತು ಮಾತಿಗಿಂತ ಹೆಚ್ಚು ಕೆಲಸವಾಗುತ್ತದೆ.

ನಾಲ್ಕನೆಯದು ದೃಷ್ಟಿಯೋಗ. ಅಂಗೈಯನ್ನು ಎದೆಯ ಮಟ್ಟಕ್ಕೆ ಎತ್ತಿ, ಬೆನ್ನು ನೆಟ್ಟಗಿರಿಸಿ ಲಿಂಗವನ್ನು ನೋಡುವುದಕ್ಕೆ ಅಡ್ಡಿಯಿಲ್ಲ. ಆದರೆ ಶಸ್ತ್ರಕ್ರಿಯೆಯ ಬಳಿಕ ಕೆಲವು ವಾರ, ಕೆಲವರಿಗೆ ತಿಂಗಳುಗಳವರೆಗೂ, ಕಣ್ಣು ಬೇಗ ಒಣಗುತ್ತದೆ. ರೆಪ್ಪೆ ಹೊಡೆಯದೆ ಬಹಳ ಹೊತ್ತು ದಿಟ್ಟಿಸಿದರೆ ಉರಿ ಬಂದು, ಉರಿ ಬಂದಾಗ ಕೈ ಕಣ್ಣಿಗೆ ಹೋಗುತ್ತದೆ. ಧಾರಾಳವಾಗಿ ರೆಪ್ಪೆ ಹೊಡೆಯುತ್ತ ಅಲ್ಪಕಾಲ ನೋಡಿ, ಉಳಿದ ಹೊತ್ತನ್ನು ಮಂತ್ರಜಪಕ್ಕೆ ಕೊಡುವುದು ಲೇಸು. ಧೂಪದ ಹೊಗೆಯನ್ನು ಅಷ್ಟು ದಿನ ಬಿಟ್ಟರೂ ಪೂಜೆಗೆ ಕೊರತೆಯಿಲ್ಲ.

ಇದನ್ನು ಇಷ್ಟು ವಿಸ್ತರಿಸಿ ಬರೆಯಲು ಕಾರಣವಿದೆ. ನಾನು ಬಲ್ಲ ಒಬ್ಬ ಹಿರಿಯ ಶರಣರಿಗೆ ಪೊರೆಯ ಶಸ್ತ್ರಕ್ರಿಯೆ ಬಹಳ ಚೆನ್ನಾಗಿ ಆಗಿತ್ತು. ಮರುದಿನವೇ ಗೋಡೆಯ ಮೇಲಿನ ಪಂಚಾಂಗವನ್ನು ತಾವೇ ಓದಿ ಮಕ್ಕಳಂತೆ ಹಿಗ್ಗಿದ್ದರು. ನಾಲ್ಕನೆಯ ದಿನ ಬಂಧುಗಳ ಗೃಹಪ್ರವೇಶಕ್ಕೆ ಹೋಗಿ, ಜನಸಂದಣಿಯಲ್ಲಿ ಪಾದೋದಕ ಸ್ವೀಕರಿಸಿ ಎಂದಿನಂತೆ ಕಣ್ಣಿಗೆ ಸವರಿಕೊಂಡರು. ಮರುದಿನ ನೋವು ಮೊದಲಾಯಿತು. ಶಸ್ತ್ರ ಆಡಿದ ಕಣ್ಣು, ನೋವು ಸಹಜವೆಂದು ಮನೆಯವರು ಎರಡು ದಿನ ನೋವಿನ ಮಾತ್ರೆ ಕೊಟ್ಟು ಕಾದರು. ಆಸ್ಪತ್ರೆಗೆ ಹೋಗುವ ಹೊತ್ತಿಗೆ ಕಣ್ಣಿನೊಳಗೆ ಕೀವು ತುಂಬಿತ್ತು. ಕಣ್ಣಿನ ಗುಡ್ಡೆ ಉಳಿಯಿತು, ನೋಟ ಉಳಿಯಲಿಲ್ಲ. ಆ ನೀರಿನಿಂದಲೇ ಹೀಗಾಯಿತೆಂದು ವೈದ್ಯರು ಖಚಿತವಾಗಿ ಹೇಳಲಿಲ್ಲ. ಆದರೆ ಕಾದ ಎರಡು ದಿನಗಳೇ ಕಣ್ಣನ್ನು ಕಳೆದವೆಂದು ಸ್ಪಷ್ಟವಾಗಿ ಹೇಳಿದರು. ಆ ಮನೆಯವರ ಭಕ್ತಿಯಲ್ಲಾಗಲಿ ಪ್ರೀತಿಯಲ್ಲಾಗಲಿ ಯಾವ ಕೊರತೆಯೂ ಇರಲಿಲ್ಲ. ಅವರಿಗೆ ಈ ನಾಲ್ಕು ಮಾತುಗಳನ್ನು ಯಾರೂ ಹೇಳಿರಲಿಲ್ಲ, ಅಷ್ಟೆ.

ಕಾಯಬಾರದ ಲಕ್ಷಣಗಳು

ಮೊದಲ ಒಂದೆರಡು ದಿನ ತುಸು ಕೆರೆತ, ಮರಳು ಬಿದ್ದಂತಹ ಭಾವ, ನೀರು ಸುರಿಯುವುದು, ಬೆಳಕಿಗೆ ಕಣ್ಣು ಕುಕ್ಕುವುದು ಸಹಜ. ಇವು ದಿನದಿನಕ್ಕೆ ಇಳಿಯಬೇಕು. ಇಳಿಯುವ ಬದಲು ಏರತೊಡಗಿದರೆ ಅದು ಎಚ್ಚರಿಕೆಯ ಗಂಟೆ. ನೋವು ಹೆಚ್ಚುವುದು, ಕೆಂಪು ಗಾಢವಾಗುವುದು, ನಿನ್ನೆ ಕಂಡದ್ದು ಇಂದು ಮಂಜಾಗುವುದು, ಕೀವು ಅಥವಾ ರೆಪ್ಪೆಯ ಊತ, ವಾಂತಿಯೊಡನೆ ಬರುವ ಕಣ್ಣು-ತಲೆ ನೋವು, ಮಿಂಚು ಹೊಡೆದಂತೆ ಕಾಣುವುದು, ಕಪ್ಪು ಚುಕ್ಕೆಗಳ ಮಳೆ, ಒಂದು ಕಡೆಯಿಂದ ಪರದೆ ಇಳಿದಂತಾಗುವುದು: ಇವುಗಳಲ್ಲಿ ಒಂದು ಕಂಡರೂ ಅದೇ ಗಳಿಗೆಯಲ್ಲಿ ಶಸ್ತ್ರಕ್ರಿಯೆ ಮಾಡಿದ ಆಸ್ಪತ್ರೆಗೆ ಹೊರಡಬೇಕು. ಅಮಾವಾಸ್ಯೆ ಎಂದಾಗಲಿ, ಮಗ ಊರಿಂದ ಬರಲಿ ಎಂದಾಗಲಿ, ಸೋಮವಾರ ನೋಡೋಣವೆಂದಾಗಲಿ ಕಾಯಬಾರದು. ಕಣ್ಣಿನೊಳಗಿನ ಸೋಂಕು ಅಪರೂಪವೇ ಸರಿ. ಬಂದರೆ ಮಾತ್ರ ಅದರ ಲೆಕ್ಕ ಗಂಟೆಗಳಲ್ಲಿ. ಬೇಗ ಹೋದರೆ ಕಣ್ಣಿನೊಳಕ್ಕೆ ಔಷಧವನ್ನು ಚುಚ್ಚಿ ಅನೇಕ ಕಣ್ಣುಗಳನ್ನು ಉಳಿಸುತ್ತಾರೆ.

ತಿಂಗಳುಗಳೋ ವರ್ಷಗಳೋ ಕಳೆದ ಮೇಲೆ ನೋಟ ನಿಧಾನವಾಗಿ ಮಂಜಾದರೆ ಅದು ಬೇರೆ. ಕೃತಕ ಮಸೂರವನ್ನು ಹಿಡಿದಿರುವ ತೆಳುಪದರ ಮಬ್ಬಾಗಿರಬಹುದು. ಪೊರೆ ಮತ್ತೆ ಬಂತೆಂದು ಜನ ಹೇಳುವುದು ಇದನ್ನೇ. ಲೇಸರ್ ಕಿರಣದಿಂದ ಕೆಲವೇ ನಿಮಿಷಗಳಲ್ಲಿ ಇದನ್ನು ಸರಿಪಡಿಸುತ್ತಾರೆ. ಮತ್ತೆ ಶಸ್ತ್ರ ಬೇಕಿಲ್ಲ.

ಉಳಿದ ಕಣ್ಣಿನ ಶಸ್ತ್ರಚಿಕಿತ್ಸೆಗಳು

ಗ್ಲಾಕೋಮಾದಲ್ಲಿ ಕಣ್ಣಿನೊಳಗಿನ ದ್ರವ ಹೊರಹರಿಯಲು ಮೇಲ್ರೆಪ್ಪೆಯ ಅಡಿಯಲ್ಲಿ ಹೊಸ ದಾರಿ ಮಾಡುತ್ತಾರೆ. ಇದರಿಂದ ಹೋದ ನೋಟ ಮರಳದು, ಇದ್ದುದು ಉಳಿಯುತ್ತದೆ. ಇದನ್ನು ಮೊದಲೇ ತಿಳಿಯದೆ, ಶಸ್ತ್ರಕ್ರಿಯೆ ಕೆಟ್ಟಿತೆಂದು ದುಃಖಿಸುವವರಿದ್ದಾರೆ. ಈ ಕಣ್ಣು ವರ್ಷಗಳ ನಂತರವೂ ಕೆಂಪಾಗಿ ಪಿಸುರು ಬಂದರೆ ತಡಮಾಡದೆ ತೋರಿಸಬೇಕು.

ಅಕ್ಷಿಪಟಲ ಕಳಚಿದಾಗ ಮಾಡುವ ಶಸ್ತ್ರಕ್ರಿಯೆಯಲ್ಲಿ ಕೆಲವೊಮ್ಮೆ ಕಣ್ಣಿನೊಳಗೆ ಅನಿಲವನ್ನು ತುಂಬುತ್ತಾರೆ. ಅನಿಲದ ಗುಳ್ಳೆ ಮೇಲೇರಿ ಪಟಲವನ್ನು ಒತ್ತಿ ಹಿಡಿಯಬೇಕಾದುದರಿಂದ, ವೈದ್ಯರು ಹೇಳಿದಷ್ಟು ದಿನ ಮುಖವನ್ನು ಕೆಳಗೆ ಮಾಡಿಯೇ ಇರಬೇಕಾಗಬಹುದು. ಪೊರೆಯವರಿಗೆ ಬಾಗಬೇಡಿರೆಂದರೆ ಇವರಿಗೆ ಬಾಗಿಯೇ ಇರಿ ಎನ್ನುತ್ತಾರೆ. ಒಬ್ಬರ ನಿಯಮ ಮತ್ತೊಬ್ಬರಿಗೆ ಸಲ್ಲದೆಂಬುದಕ್ಕೆ ಇದೇ ನಿದರ್ಶನ. ಅನಿಲ ಕರಗುವವರೆಗೆ ವಿಮಾನ ಪ್ರಯಾಣವಾಗಲಿ ಎತ್ತರದ ಬೆಟ್ಟ ಏರುವುದಾಗಲಿ ಕೂಡದು. ಎತ್ತರದಲ್ಲಿ ಅನಿಲ ಹಿಗ್ಗಿ ಕಣ್ಣಿನ ಒತ್ತಡವನ್ನು ವಿಪರೀತ ಏರಿಸಿ ನೋಟವನ್ನೇ ಕಳೆಯಬಹುದು. ಕೇದಾರಯಾತ್ರೆಯನ್ನು ಯೋಜಿಸಿದವರು ಅದನ್ನು ಮುಂದೂಡಬೇಕು.

ಬಿಸಿಲು ಧೂಳುಗಳಲ್ಲಿ ದುಡಿಯುವ ರೈತರಿಗೆ ಕಣ್ಣಿನ ಬಿಳಿಭಾಗದಿಂದ ಕಪ್ಪಿನ ಕಡೆಗೆ ದುರ್ಮಾಂಸ ಬೆಳೆಯುತ್ತದೆ. ಅದನ್ನು ತೆಗೆದ ಮೇಲೆ ಮರುಕಳಿಸದಂತೆ ಕಪ್ಪು ಕನ್ನಡಕ ಮತ್ತು ತಲೆಗೆ ರುಮಾಲಿನ ನೆರಳು ಬೇಕು. ಕಣ್ಣೀರಿನ ನಾಳಕ್ಕೆ ಮೂಗಿನೊಳಗೆ ದಾರಿ ಮಾಡಿಸಿಕೊಂಡವರು ಕೆಲವು ದಿನ ಮೂಗನ್ನು ಜೋರಾಗಿ ಸೀನಿ ಒರೆಸಬಾರದು.

ಇನ್ನು ಕಾರ್ನಿಯಾ ಕಸಿ. ಮೃತರ ಕಣ್ಣಿನ ಪಾರದರ್ಶಕ ಪಟಲವನ್ನು ಜೀವಂತರಿಗೆ ಜೋಡಿಸುವ ಈ ಚಿಕಿತ್ಸೆಯಲ್ಲಿ ಹನಿಮದ್ದು ತಿಂಗಳುಗಟ್ಟಲೆ, ಕೆಲವರಿಗೆ ವರ್ಷಗಟ್ಟಲೆ ಬೇಕು. ಎಷ್ಟು ವರ್ಷಗಳಾದರೂ ಕಣ್ಣು ಕೆಂಪಾಗಿ, ಬೆಳಕು ತಡೆಯದೆ, ನೋಟ ಮಂಜಾದರೆ ದೇಹವು ಕಸಿಯನ್ನು ತಿರಸ್ಕರಿಸುತ್ತಿರಬಹುದು. ಬೇಗ ಹೋದರೆ ಉಳಿಸಬಹುದು. ಇದಕ್ಕೆ ಬೇಕಾದ ಪಟಲ ದಾನದಿಂದಲೇ ದೊರೆಯಬೇಕು. ಶಿವನಿಗೆ ಕಣ್ಣಿತ್ತ ಕಣ್ಣಪ್ಪನ ಕಥೆಯನ್ನು ಹರಿಹರ ರಗಳೆಯಾಗಿ ಹಾಡಿದ. 1954ರ ಚಲನಚಿತ್ರದಲ್ಲಿ ಆ ಕಣ್ಣಪ್ಪನಾಗಿ ಅಭಿನಯಿಸಿದ ಡಾ. ರಾಜಕುಮಾರ್ ಅವರು 2006ರಲ್ಲಿ ತೀರಿಕೊಂಡಾಗ ತಮ್ಮ ಕಣ್ಣುಗಳನ್ನು ನಿಜವಾಗಿಯೇ ದಾನವಿತ್ತರು. ಮರಣದ ನಂತರ 6 ಗಂಟೆಗಳೊಳಗೆ ಕಣ್ಣನ್ನು ಸ್ವೀಕರಿಸುತ್ತಾರೆ. ಅಷ್ಟರಲ್ಲಿ ರೆಪ್ಪೆ ಮುಚ್ಚಿ, ಒದ್ದೆ ಹತ್ತಿಯಿಟ್ಟು, ಫ್ಯಾನು ನಿಲ್ಲಿಸಿ, ತಲೆಯನ್ನು ತುಸು ಎತ್ತರದಲ್ಲಿಟ್ಟಿರಬೇಕು. ಇದರಿಂದ ಮುಖ ವಿಕಾರವಾಗದು, ನಮ್ಮ ಸಮಾಧಿ ಸಂಸ್ಕಾರಕ್ಕೂ ಅಡ್ಡಿ ಬಾರದು.

ತಾಯಂದಿರ ಕಣ್ಣು

ನಮ್ಮ ಮನೆಗಳಲ್ಲಿ ಗಂಡಸರ ಪೊರೆಗೆ ಬೇಗ ಚಿಕಿತ್ಸೆಯಾಗುತ್ತದೆ, ಹೆಂಗಸರದು ತಡವಾಗುತ್ತದೆ. "ನನಗೇನು ಲೆಕ್ಕ ಬರೆಯುವುದಿದೆಯೆ, ರೊಟ್ಟಿ ಬಡಿಯಲು ಇಷ್ಟು ಕಂಡರೆ ಸಾಕು" ಎಂದು ತಾಯಿ ಹೇಳುತ್ತಾಳೆ. ಉಳಿದವರು ಆ ಮಾತನ್ನು ನಂಬಿದಂತೆ ಸುಮ್ಮನಾಗುತ್ತಾರೆ. ನಿಜವಾದ ಕಾರಣ ಬೇರೆ. ಆಕೆ ಹಾಸಿಗೆ ಹಿಡಿದರೆ ಒಲೆ ಹಚ್ಚುವವರು ಯಾರು, ಆಕೆಗೆ ಹನಿ ಹಾಕುವವರು ಯಾರೆಂಬುದೇ ಅದು. ಶಸ್ತ್ರಕ್ರಿಯೆ ಮಾಡಿಸಿ ಮೂರನೆಯ ದಿನವೇ ಒಲೆಯ ಮುಂದೆ ಕೂರಿಸಿದರೆ ಮಾಡಿಸಿದ ಫಲವೇನು? ಬಾಗಿ ಕಸ ಗುಡಿಸುವುದು, ಕೊಡ ಹೊರುವುದು, ಹೊಗೆಯಲ್ಲಿ ರೊಟ್ಟಿ ಸುಡುವುದು ಮೊದಲಾದ ಕೆಲಸಗಳನ್ನು ಕೆಲವು ವಾರ ಗಂಡನೂ ಗಂಡುಮಕ್ಕಳೂ ಹಂಚಿಕೊಳ್ಳಬೇಕು. ಹನಿ ಹಾಕುವ ಕೆಲಸವನ್ನೂ ಸೊಸೆಯೊಬ್ಬಳ ತಲೆಗೇ ಕಟ್ಟದೆ ಹೊತ್ತು ಹಂಚಿಕೊಂಡು, ಗೋಡೆಗೆ ಒಂದು ಪಟ್ಟಿ ಅಂಟಿಸಿ ಹಾಕಿದಾಗಲೆಲ್ಲ ಗುರುತು ಮಾಡಬೇಕು. ಹಣದ ಮಾತು ಅಡ್ಡಿಯಾಗಬೇಕಿಲ್ಲ: ರಾಷ್ಟ್ರೀಯ ಅಂಧತ್ವ ನಿಯಂತ್ರಣ ಕಾರ್ಯಕ್ರಮ 1976ರಲ್ಲಿ ಆರಂಭವಾದಂದಿನಿಂದ ಸರಕಾರಿ ಆಸ್ಪತ್ರೆಗಳಲ್ಲಿಯೂ ಅದಕ್ಕೆ ಕೈಜೋಡಿಸಿದ ಸೇವಾಸಂಸ್ಥೆಗಳಲ್ಲಿಯೂ ಪೊರೆಯ ಶಸ್ತ್ರಚಿಕಿತ್ಸೆ ಉಚಿತವಾಗಿ ನಡೆಯುತ್ತ ಬಂದಿದೆ.

ಗದುಗಿನ ವೀರೇಶ್ವರ ಪುಣ್ಯಾಶ್ರಮದ ಪಂಚಾಕ್ಷರ ಗವಾಯಿಗಳನ್ನೂ ಪುಟ್ಟರಾಜ ಗವಾಯಿಗಳನ್ನೂ ನೆನೆದು, ಹೊರಗಣ್ಣಿಲ್ಲದೆಯೂ ಅಂಥ ಬಾಳು ಬಾಳಬಹುದಲ್ಲವೆ ಎಂದು ಕೆಲವರು ಕೇಳುತ್ತಾರೆ. ಆ ಮಹಾತ್ಮರು ನಮಗೆ ವಂದ್ಯರು. ಆದರೆ ಗುಣವಾಗದ ಕುರುಡನ್ನು ಗೆದ್ದವರ ಉದಾಹರಣೆಯನ್ನು, ಗುಣವಾಗುವ ಕುರುಡನ್ನು ಕಡೆಗಣಿಸಲು ಬಳಸುವುದು ಅವರಿಗೆ ಸಲ್ಲಿಸುವ ಗೌರವವಲ್ಲ. ಕುರುಡು ಮಕ್ಕಳಿಗೆ ಅನ್ನವನ್ನೂ ಸಂಗೀತವನ್ನೂ ಕೊಡಲು ಊರೂರು ಅಲೆದ ಆ ಜೋಳಿಗೆಯೇ, ಇನ್ನೊಬ್ಬರ ಕಣ್ಣಾಗುವುದು ಹೇಗೆಂಬುದನ್ನು ನಮಗೆ ತೋರಿಸಿದೆ.

ದಾಸೋಹವೆಂದರೆ ಪಂಕ್ತಿಯಲ್ಲಿ ಬಡಿಸುವುದಷ್ಟೇ ಎಂದು ನಾವು ತಿಳಿದಿದ್ದೇವೆ. ತೊಳೆದ ಕೈಯಿಂದ, ಹೇಳಿದ ಹೊತ್ತಿಗೆ, ಬೇಸರಿಸದೆ, ಆರು ವಾರ ಹಿರಿಯರ ಕಣ್ಣಿಗೆ ಹನಿ ಬಿಡುವುದೂ ದಾಸೋಹವೇ. ನಿಮ್ಮ ಮನೆಯಲ್ಲಿ ದೀಪದ ಸುತ್ತ ಬಳೆ ಬಳೆಯಾಗಿ ಬೆಳಕು ಕಾಣುತ್ತದೆಂದೋ, ಅಕ್ಕಿಯಲ್ಲಿನ ಕಲ್ಲು ಕಾಣುತ್ತಿಲ್ಲವೆಂದೋ ಹೇಳುವ ತಾಯಿಯಿದ್ದರೆ, ಮುಂದಿನ ಹಬ್ಬಕ್ಕಾಗಿ ಕಾಯದೆ ಈ ವಾರವೇ ಆಕೆಯನ್ನು ನೇತ್ರವೈದ್ಯರಲ್ಲಿಗೆ ಕರೆದೊಯ್ಯಿರಿ. ಕರೆತಂದ ಮೇಲೆ ಹನಿ ಹಾಕುವವರು ಯಾರು, ಒಲೆ ಹಚ್ಚುವವರು ಯಾರೆಂಬುದನ್ನು ಹೊರಡುವ ಮೊದಲೇ ಮನೆಮಂದಿ ಕುಳಿತು ನಿರ್ಧರಿಸಿರಿ.